ಬಿಳಿಯ ಮೇಲೆ ಬಿಳಿ ಬರೆದದ್ದು

ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬರೆಯುವುದನ್ನು ನನಗೆ ಹೇಳಿಕೊಟ್ಟವರು ಹುಬ್ಬಳ್ಳಿಯಲ್ಲಿ ವೆಬ್‌ಸೈಟ್ ಮಾಡುತ್ತಿದ್ದ ಒಬ್ಬರು. ಅದಕ್ಕೂ ಮೊದಲು ನಾನು ದಾಂಡೇಲಿಯಲ್ಲಿ ಬೋರ್ಡು ಬರೆಯುವವನು. ಬರೆದ ಅಕ್ಷರ ದೂರದಿಂದ ಕಾಣಬೇಕು, ಓಡುವ ಬಸ್ಸಿನಲ್ಲಿ ಕೂತವನಿಗೂ ಓದಲು ಬರಬೇಕು, ಇದೊಂದೇ ನನಗೆ ಗೊತ್ತಿದ್ದ ವಿದ್ಯೆ. ಕಾಣದಂತೆ ಬರೆಯುವುದೂ ಒಂದು ಕೆಲಸ ಎಂದು ಕೇಳಿದಾಗ ನಕ್ಕುಬಿಟ್ಟಿದ್ದೆ.

ಎರಡು ಸಾವಿರದ ಐದು, ಆರರ ಸುಮಾರು. ಫ್ಲೆಕ್ಸ್ ಬಂದು ಬ್ರಷ್ಷಿನ ಕೆಲಸ ಕಡಿಮೆಯಾಗಿತ್ತು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಕಂಪ್ಯೂಟರ್ ಏನು ತಿಳಿಯುತ್ತದೆ ಎಂದು ಪೇಟೆಯಲ್ಲಿ ನಗುತ್ತಿದ್ದರು. ನಾನು ಆರು ತಿಂಗಳು ಕೂತು ಕಲಿತೆ. ಇಂಗ್ಲಿಷ್ ಮಾತಾಡಲು ಬರುತ್ತಿರಲಿಲ್ಲ, ಆದರೆ ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಇಂಗ್ಲಿಷಿನಲ್ಲಿ ನನ್ನದೊಂದು ಸ್ಪೆಲ್ಲಿಂಗೂ ತಪ್ಪಿರಲಿಲ್ಲ. ವೆಬ್‌ಸೈಟಿನ ಕೋಡೂ ಹಾಗೇ. ತೆರೆದದ್ದನ್ನು ಮುಚ್ಚಬೇಕು, ಒಂದು ಚಿಹ್ನೆ ಬಿಟ್ಟರೂ ಪುಟ ಕೆಡುತ್ತದೆ. ಕಣ್ಣು ಗಟ್ಟಿ ಇದ್ದವನಿಗೆ ಬರುವ ಕೆಲಸ.

ಮೊದಲ ದೊಡ್ಡ ಕೆಲಸ ಕೊಟ್ಟವರು ಗಣೇಶಗುಡಿಯ ಹೋಂಸ್ಟೇ ಮಾಲಕರು. ಡ್ಯಾಮಿನ ಕೆಲಸದಲ್ಲಿ ಡ್ರೈವರ್ ಆಗಿದ್ದವರು, ನಿವೃತ್ತರಾದ ಮೇಲೆ ನಾಲ್ಕು ಕೋಣೆ ಕಟ್ಟಿಸಿದ್ದರು. ನದಿಗೆ ರಾಫ್ಟಿಂಗಿಗೆ ಬರುವ ಜನ ಅಲ್ಲಿ ಇಳಿಯುತ್ತಿದ್ದರು. ಒಮ್ಮೆ ಬಂದವರು ಮತ್ತೆ ಬರುತ್ತಿದ್ದದ್ದು ಮಾತ್ರ ನದಿಗಲ್ಲ, ಊಟಕ್ಕೆ. ಅಡುಗೆ ಮಾಡುವ ಹೆಂಗಸನ್ನು ಎಲ್ಲರೂ ಬಾಯಿ ಎನ್ನುತ್ತಿದ್ದರು. ಬಾಯಿಯವರು ಸಿದ್ದಿ ಜನದವರು, ತೇರಗಾಂವದ ಕಡೆಯವರು. ಅವರ ತಮ್ಮ ರಾಫ್ಟಿಂಗಿನ ಕೆಲಸಕ್ಕೆಂದು ಗಣೇಶಗುಡಿಯಲ್ಲಿ ಮನೆ ಮಾಡಿದ್ದ, ಅವನ ಜತೆ ಇದ್ದರು. ಫೋಟೋ ತೆಗೆಯಲು ಹೋದಾಗೆಲ್ಲ ನಾನೂ ಅಲ್ಲೇ ಉಂಡಿದ್ದೇನೆ. ಕುಚ್ಚಲಕ್ಕಿ ಅನ್ನ, ಹೊಳೆಮೀನಿನ ಸಾರು. ಅವರ ಕೈಯ ಸಾರಿಗೆ ಹುಳಿ ಯಾವುದು ಹಾಕುತ್ತಾರೆ ಎಂದು ಮಾಲಕರ ಹೆಂಡತಿಗೂ ತಿಳಿದಿರಲಿಲ್ಲ.

ಏಳು ಪುಟದ ಸೈಟು ಮಾಡಿಕೊಟ್ಟೆ. ಚೆಂದ ಆಗಿತ್ತು. ಆದರೆ ಸರ್ಚ್ ಮಾಡಿದರೆ ಅದು ಸಿಗುತ್ತಲೇ ಇರಲಿಲ್ಲ. ದಾಂಡೇಲಿ ಹೋಂಸ್ಟೇ ಎಂದು ಹೊಡೆದರೆ ಮೊದಲ ಪುಟ, ಎರಡನೆಯ ಪುಟ, ಹತ್ತನೆಯ ಪುಟದವರೆಗೂ ಬೇರೆಯವರದೇ. ಮಾಲಕರು ನನ್ನ ಅಂಗಡಿಗೆ ಬಂದು ಪರದೆ ನೋಡಿ ಹೇಳಿದರು:

“ಪೇಂಟರ, ಬೋರ್ಡ್ ಏನೋ ಛಲೋ ಬರದಿ. ಆದ್ರ ಒಯ್ದು ಅಡವ್ಯಾಗ ಹುಗದಿ ನೋಡು.”

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಮರುದಿನವೇ ಹುಬ್ಬಳ್ಳಿಗೆ ಹೋದೆ.

ಹುಬ್ಬಳ್ಳಿಯವರು ಅರ್ಧ ತಾಸಿನಲ್ಲಿ ತೋರಿಸಿದರು. ಪುಟದ ಕೊನೆಗೆ, ಎಲ್ಲ ಮುಗಿದ ಮೇಲೆ, ಅತಿ ಸಣ್ಣ ಅಕ್ಷರದಲ್ಲಿ ಜನ ಹುಡುಕುವ ಶಬ್ದಗಳನ್ನೆಲ್ಲ ಸುರಿಯುವುದು. ಅಕ್ಷರದ ಬಣ್ಣ ಬಿಳಿ. ಪುಟವೂ ಬಿಳಿ. ಓದುವವನಿಗೆ ಖಾಲಿ ಜಾಗ ಕಾಣುತ್ತದೆ, ಸರ್ಚ್ ಯಂತ್ರ ಮಾತ್ರ ಕೋಡು ಓದುವುದರಿಂದ ಅದಕ್ಕೆ ಅಷ್ಟೂ ಶಬ್ದ ಸಿಗುತ್ತವೆ. ಇನ್ನೊಂದು ಉಪಾಯ, ಊರಿಗೊಂದು ಪುಟ. ಒಳಗಿನ ಬರಹ ಅದೇ, ಊರಿನ ಹೆಸರಷ್ಟೇ ಬದಲು. ಇದು ಸುಳ್ಳು ಹೇಳಿದಂತಾಗುವುದಿಲ್ಲವೇ ಎಂದು ಕೇಳಿದೆ.

“ಸುಳ್ಳು ಯಾರಿಗೆ ಹೇಳ್ದಂಗಾತು?” ಅಂದರು. “ಓದೂದು ಮಷೀನು. ಮಷೀನಿಗೆ ಸುಳ್ಳ ಹೇಳಿದ್ರ ಪಾಪ ಹತ್ತತೈತೇನ್ರಿ?”

ಶಬ್ದಗಳನ್ನು ನೀವೇ ಹುಡುಕಿರಿ, ನಿಮ್ಮ ಕಡೆಯವರಿಗಷ್ಟೇ ಗೊತ್ತಿರುವ ಶಬ್ದ ಹಾಕಿದರೆ ಬೇರೆಯವರು ನಿಮ್ಮನ್ನು ಹಿಂದೆ ಹಾಕಲಾರರು ಎಂದು ಕಳಿಸಿದರು.

ನಾಲ್ಕು ದಿನ ಒಂದೇ ಸಮನೆ ಕೂತೆ. ಆ ನಾಲ್ಕು ದಿನ ನಾನು ಖುಷಿಯಿಂದ ಇದ್ದೆ ಎಂಬುದನ್ನು ಮುಚ್ಚಿಡಬಾರದು. ಊರ ಹೆಸರು ನನಗಿಂತ ಹೆಚ್ಚು ಯಾರಿಗೆ ಗೊತ್ತು? ಬೋರ್ಡು ಬರೆಯಲು ಎಲ್ಲ ಊರೂ ತಿರುಗಿದವನು. ಜೋಯಿಡಾ, ಹಳಿಯಾಳ, ಮುಂಡಗೋಡ, ತೇರಗಾಂವ. ಗೋವಾದ ಗಡಿಯಲ್ಲಿರುವ ಅನಮೋಡಕ್ಕೂ ಒಂದು ಪುಟ ಮಾಡಿದೆ. ಅಲ್ಲಿಂದ ಗಣೇಶಗುಡಿಗೆ ಬರಲು ಎರಡು ತಾಸು ಬೇಕು. ಪುಟದಲ್ಲಿ ಮಾತ್ರ ‘ಹತ್ತಿರದಲ್ಲೇ’ ಎಂದು ಹಾಕಿದೆ. ಮೊದಲಿನ ಏಳೂ ಸೇರಿ ಒಟ್ಟು ನಲವತ್ತು ಪುಟ. ಊರು ಮುಗಿದ ಮೇಲೆ, ಎಲ್ಲ ಪುಟದ ಕೊನೆಗೂ ಬಿಳಿ ಅಕ್ಷರದಲ್ಲಿ ಹಕ್ಕಿ, ಹೊಳೆ, ಮೀನು, ಜೇನು. ಆಮೇಲೆ ಸಿದ್ದಿ ಡ್ಯಾನ್ಸ್. ಡೇಲಿ ಈವ್ನಿಂಗ್, ಕ್ಯಾಂಪ್‌ಫೈರ್ ಎಂದೂ ಸೇರಿಸಿದೆ. ಸಿದ್ದಿ ಎಂಬುದನ್ನು ಇಂಗ್ಲಿಷಿನಲ್ಲಿ ಮೂರು ರೀತಿ ಬರೆದೆ: ಒಂದು ಸರಿಯಾದದ್ದು, ಒಂದು ‘ಡಿ’ ಕಡಿಮೆ ಮಾಡಿದ್ದು, ಒಂದು ‘ಎಚ್’ ಹೆಚ್ಚಿಗೆ ಮಾಡಿದ್ದು. ಜನ ಎಲ್ಲಿ ತಪ್ಪು ಬರೆಯುತ್ತಾರೆ ಎಂಬುದು ಬೋರ್ಡು ಬರೆಯುವವನಿಗೆ ಗೊತ್ತಿರುತ್ತದೆ. ಹುಬ್ಬಳ್ಳಿಯವರು ಆ ಶಬ್ದ ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ ಬುದ್ಧಿ.

ಅವರು ನನ್ನ ಪುಟಗಳ ಒಂದು ಪ್ರತಿ ಕೇಳಿದರು. ತಮ್ಮ ಕೈಯಲ್ಲಿದ್ದ ಬೇರೆ ಸೈಟುಗಳಲ್ಲೂ ಹಾಕಿ ನನ್ನದಕ್ಕೆ ಲಿಂಕು ಕೊಡುತ್ತೇನೆ, ಬಲ ಬರುತ್ತದೆ ಎಂದರು. ಕೊಟ್ಟೆ.

ಮೂರನೆಯ ವಾರಕ್ಕೆ ನಮ್ಮ ಸೈಟು ಮೊದಲ ಪುಟದಲ್ಲಿತ್ತು. ಐದನೆಯ ವಾರಕ್ಕೆ ಎಲ್ಲಕ್ಕೂ ಮೇಲೆ. ಹಿಂದೆ ನಕ್ಕವರನ್ನೆಲ್ಲ ಅಂಗಡಿಗೆ ಕರೆದು ಕೂರಿಸಿ ತೋರಿಸಿದೆ. ಗಣೇಶಗುಡಿಯ ಫೋನು ದಿನವಿಡೀ ಬಡಿದುಕೊಳ್ಳುತ್ತಿತ್ತು. ಮಾಲಕರು ಕಂಡ ಕಂಡವರ ಮುಂದೆ ನನ್ನನ್ನು ಹೊಗಳುತ್ತಿದ್ದರು.

ಫೆಬ್ರವರಿಯ ಒಂದು ಶನಿವಾರ ಪುಣೆಯಿಂದ ಎಂಟು ಜನರ ತಂಡ ಬಂತು. ಹೊಸ ಸ್ನಾನದ ಕೋಣೆಯ ಫೋಟೋ ತೆಗೆಯಲು ನಾನೂ ಅಲ್ಲಿಗೆ ಹೋಗಿದ್ದೆ. ಊಟ ಮುಗಿಯುತ್ತಿದ್ದಂತೆ ಅವರಲ್ಲೊಬ್ಬರು ಮರಾಠಿಯಲ್ಲಿ ಡ್ಯಾನ್ಸ್ ಎಷ್ಟು ಗಂಟೆಗೆ ಎಂದು ಕೇಳಿದರು. ಯಾವ ಡ್ಯಾನ್ಸು ಎಂದರು ಮಾಲಕರು. ಆ ಮನುಷ್ಯ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಸರ್ಚ್ ಮಾಡಿದ ಪುಟದ ಪ್ರಿಂಟು. ನಮ್ಮ ಸೈಟಿನ ಹೆಸರಿನ ಕೆಳಗೆ ಎರಡು ಸಾಲು: ಸಿದ್ದಿ ಡ್ಯಾನ್ಸ್, ಡೇಲಿ ಈವ್ನಿಂಗ್, ಕ್ಯಾಂಪ್‌ಫೈರ್.

ನನಗೆ ಅಲ್ಲಿಯವರೆಗೆ ಈ ಯೋಚನೆಯೇ ಬಂದಿರಲಿಲ್ಲ. ಬಿಳಿಯಲ್ಲಿ ಬರೆದದ್ದನ್ನು ಯಂತ್ರ ಓದಿ ಸುಮ್ಮನಿರುತ್ತದೆ ಎಂದುಕೊಂಡಿದ್ದೆ. ಅದು ಓದಿದ್ದನ್ನು ಕರಿ ಅಕ್ಷರದಲ್ಲಿ ಜನರಿಗೆ ತೋರಿಸುತ್ತಿತ್ತು.

ಮಾಲಕರು ಹಾಳೆ ನೋಡಿ ನಕ್ಕರು. ಸೈಟು ಮಾಡಿದವರು ಇಲ್ಲೇ ಕೂತಿದ್ದಾರೆ, ಅವರನ್ನೇ ಕೇಳಿ ಎಂದು ನನ್ನ ಕಡೆ ತಿರುಗಿದರು.

“ಪೇಂಟರ, ಹಿಂಗೇನರ ಬರದೀಯೇನು?”

“ಇಲ್ರಿ,” ಅಂದೆ. “ನಾ ಬರದಿಲ್ಲ.”

ನನ್ನ ಚೀಲದಲ್ಲಿ ಮೊದಲು ಮಾಡಿದ ಏಳೂ ಪುಟಗಳ ಪ್ರಿಂಟು ಇದ್ದವು. ಮಾಲಕರು ಅವನ್ನು ಕಸಿದುಕೊಂಡು ಮೇಜಿನ ಮೇಲೆ ಒಂದೊಂದಾಗಿ ಹರವಿದರು. ಎಲ್ಲಿದೆ ತೋರಿಸಿ ಎಂದರು. ಹಾಳೆಯ ಕೊನೆಗೆಲ್ಲ ಖಾಲಿ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ ಪ್ರಿಂಟರಿಗೂ ಬರುವುದಿಲ್ಲ. ಎಲ್ಲೆಲ್ಲಿಂದಲೋ ಏನೇನೋ ತಂದು ನಮ್ಮ ಹೆಸರು ಕೆಡಿಸಬೇಡಿ, ಈ ಮನುಷ್ಯ ಬರೆದ ಬೋರ್ಡಿನಲ್ಲಿ ಒಂದು ಕಾಮಾ ತಪ್ಪಿದ್ದು ನಾನು ನೋಡಿಲ್ಲ ಎಂದು ನನ್ನ ಪರವಾಗಿ ದನಿ ಏರಿಸಿದರು. ಬಂದವರು ಪೆಚ್ಚಾದರು. ನಾನು ನೀರು ಕುಡಿದೆ, ಮತ್ತೆ ತುಂಬಿಸಿಕೊಂಡು ಕುಡಿದೆ.

ಅಲ್ಲಿಗೆ ಮುಗಿಯಲಿಲ್ಲ. ತಂಡದ ಇನ್ನೊಬ್ಬರು ಅಡುಗೆಮನೆಯ ಬಾಗಿಲ ಕಡೆ ಕೈಮಾಡಿ, ಇವರು ಅದೇ ಜನ ಅಲ್ಲವೇ, ಸ್ವಲ್ಪ ಮಾಡಿ ತೋರಿಸಲಿ ಎಂದರು. ಜೋರು ಮಾತಾಡಿದ್ದು ಅತಿಯಾಯಿತೇನೋ ಎಂದು ಮಾಲಕರಿಗೂ ಅನಿಸಿರಬೇಕು. ಬಾಗಿಲಿಗೆ ಹೋಗಿ ಮೆಲ್ಲಗೆ ಕೇಳಿದರು:

“ಬಾಯಿ, ಒಂದ್ ಐದು ಮಿನಿಟು... ನಿಮ್ಮ ಪದ್ಧತಿದು ಏನರ?”

ಅವರು ದನಿ ಏರಿಸಲಿಲ್ಲ.

“ಕುಣೀತೇವ್ರಿ. ಮನ್ಯಾಗ ಮದುವಿ ಆದ್ರ ಕುಣೀತೇವಿ. ನಿಮ್ಮವ್ವ ಮದುವ್ಯಾಗ ಹಾಡ್ತಿದ್ಲಲ್ಲ, ಆಕಿನ್ನ ಕರ್ಕೊಂಡ ಬಂದು ಇವರ ತಾಟಿನ ಮುಂದ ನಿಲ್ಲಸಿ ಹಾಡಸ್ತಿದ್ರೇನು?”

ಮಾಲಕರು ತಲೆ ತಗ್ಗಿಸಿದರು. ಬಾಯಿಯವರು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದರು, ಒಲೆಯ ಕಟ್ಟಿಗೆ ಹೊರಗೆಳೆದರು, ಕೈ ತೊಳೆದರು. ನಮ್ಮ ನಡುವೆಯೇ ಹಾದು ಹೊರಗೆ ಹೋದರು. ಮರುದಿನ ಮುಂಜಾನೆಯ ಬಸ್ಸಿಗೆ ಊರಿಗೆ ಹೊರಟುಹೋದರೆಂದು ಅವರ ತಮ್ಮ ಬಂದು ಹೇಳಿದ.

ಅಂಗಡಿಗೆ ಮರಳಿದವನೇ ನಲವತ್ತೂ ಪುಟ ತೆರೆದೆ. ‘ಸಿದ್ದಿ’ ಇದ್ದಲ್ಲೆಲ್ಲ ಹುಡುಕಿ ಅಳಿಸಿದೆ. ಟೆಲಿಫೋನ್ ಲೈನು ನಡುನಡುವೆ ಕಡಿಯುತ್ತಿತ್ತು. ಎಲ್ಲವನ್ನೂ ಮತ್ತೆ ಏರಿಸಲು ಮರುದಿನ ಮಧ್ಯಾಹ್ನವಾಯಿತು. ಕೂಡಲೇ ಸರ್ಚ್ ಮಾಡಿದೆ. ಆ ಎರಡು ಸಾಲು ಹಾಗೇ ಇತ್ತು. ಮತ್ತೆ ಏರಿಸಿದೆ, ಮತ್ತೆ ನೋಡಿದೆ. ಹಾಗೇ. ಯಂತ್ರ ಪುಟದ ಹಳೆಯ ಪ್ರತಿಯನ್ನು ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ, ಅದು ಮತ್ತೆ ಬಂದು ಓದುವವರೆಗೂ ಬದಲಾಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಅದು ಯಾವಾಗ ಬರುತ್ತದೆ? ಅದನ್ನು ಹೇಳುವವರು ಯಾರೂ ಇರಲಿಲ್ಲ. ತಪ್ಪು ಬರೆದ ಬೋರ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರೆ ಹತ್ತು ನಿಮಿಷದಲ್ಲಿ ಹೋಗುತ್ತದೆ. ಇಲ್ಲಿ ಒರೆಸಿದ ಮೇಲೂ ಓದುತ್ತಿದ್ದರು.

ಬೇರೆ ಕೆಲಸಕ್ಕೆ ಕೈ ಹೋಗುತ್ತಿರಲಿಲ್ಲ. ಬ್ರಷ್ಷು ಹಿಡಿದು ಒಂದು ಅಕ್ಷರ ಬರೆದರೆ ಎದ್ದು ಹೋಗಿ ಪರದೆ ನೋಡಿಬರಬೇಕು. ಊಟಕ್ಕೆ ಮನೆಗೆ ಹೋದರೂ ಅರ್ಧಕ್ಕೆ ಎದ್ದು ಬರುತ್ತಿದ್ದೆ. ಎರಡು ವಾರಕ್ಕೆ ಸಾಲು ಮಾಯವಾಯಿತು. ಉಸಿರು ಬಿಟ್ಟೆ. ಅದೇ ವಾರ ಇನ್ನೊಂದು ತಂಡ ಡ್ಯಾನ್ಸ್ ಕೇಳಿಕೊಂಡು ಗಣೇಶಗುಡಿಗೆ ಬಂತು. ಅವರು ಒಂದು ‘ಡಿ’ ಬಿಟ್ಟು ಹುಡುಕಿದ್ದರು. ನಾನು ಸರಿಯಾದ ಸ್ಪೆಲ್ಲಿಂಗನ್ನಷ್ಟೇ ಅಳಿಸಿದ್ದೆ. ತಪ್ಪು ಬರೆದ ಎರಡನ್ನೂ ಮರೆತಿದ್ದೆ.

ಅವನ್ನೂ ಅಳಿಸಿದೆ. ಆದರೆ ಕಾಯುವ ತಾಳ್ಮೆ ಇರಲಿಲ್ಲ. ಬೋರ್ಡು ಬರೆಯುವವನಿಗೆ ತೋಚುವ ಉಪಾಯವೇ ತೋಚಿತು. ಮೊದಲ ಪುಟದ ಮೇಲೆ, ದಪ್ಪ ಕೆಂಪು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಬರೆದೆ: ಇಲ್ಲಿ ಸಿದ್ದಿ ಡ್ಯಾನ್ಸ್ ಇರುವುದಿಲ್ಲ. ಎಲ್ಲರಿಗೂ ಕಾಣಲಿ, ಮುಗಿಯಲಿ.

ಹತ್ತು ದಿನ ಬಿಟ್ಟು ಸಿದ್ದಿ ಡ್ಯಾನ್ಸ್ ಎಂದು ಹುಡುಕಿದರೆ ಎಲ್ಲಕ್ಕೂ ಮೇಲೆ ನಮ್ಮ ಸೈಟೇ ಬರುತ್ತಿತ್ತು. ಯಂತ್ರಕ್ಕೆ ಆ ಎರಡು ಶಬ್ದ ಕಂಡಿದ್ದವು, ‘ಇಲ್ಲ’ ಎಂಬುದರ ಅರ್ಥ ಅದಕ್ಕೆ ಆಗಿರಲಿಲ್ಲ. ಕೆಲವರು ಪುಟ ಓದುತ್ತಿದ್ದರು. ಬಹಳ ಜನ ನಂಬರು ಕಂಡಕೂಡಲೇ ಫೋನು ಮಾಡುತ್ತಿದ್ದರು. ಹಿಂದೆಂದೂ ಅಷ್ಟು ಜನ ಕೇಳಿರಲಿಲ್ಲ. ಮಾಲಕರು ಫೋನಿನಲ್ಲಿ ‘ನಹೀ ಹೈ, ನಹೀ ಹೈ’ ಅನ್ನುತ್ತ ಹೈರಾಣಾಗಿದ್ದರು. ಹೊಸದಾಗಿ ಬಂದ ಅಡುಗೆಯವನ ಸಾರು ತಾಟಿನಲ್ಲೇ ಉಳಿಯುತ್ತಿತ್ತು. ಮತ್ತೆ ಮತ್ತೆ ಬರುತ್ತಿದ್ದ ಹಳೆಯ ಗಿರಾಕಿಗಳು ಬಾಯಿ ಇಲ್ಲ ಎಂದರೆ ಮುಂದಿನ ಹೋಂಸ್ಟೇಗೆ ಹೋಗುತ್ತಿದ್ದರು.

ಹುಬ್ಬಳ್ಳಿಗೆ ಹೋಗಿ ನನ್ನ ಪುಟದ ಪ್ರತಿಗಳನ್ನಾದರೂ ತೆಗೆಯಿರಿ ಎಂದು ಕೇಳಿದೆ. ಅವರು ಆಗಲೇ ಅದೇ ಶಬ್ದಗಳನ್ನು ಇನ್ನೆರಡು ರಿಸಾರ್ಟಿನವರಿಗೂ ಹಾಕಿಕೊಟ್ಟಿದ್ದರು. ನಿಮ್ಮ ಶಬ್ದದ ಪಟ್ಟಿ ಭಾರಿ ಕೆಲಸ ಮಾಡಿತು ಎಂದು ಚಹಾ ತರಿಸಿದರು. ತೆಗೆಯುವುದಿಲ್ಲ ಎಂದು ನೇರವಾಗಿ ಹೇಳಲಿಲ್ಲ, ನೋಡೋಣ ಎಂದರು. ಚಹಾ ಕುಡಿಯದೆ ಎದ್ದು ಬಂದೆ.

ಬಸ್ಸಿನಲ್ಲಿ ಕೂತಾಗ ನಿರ್ಧಾರ ಗಟ್ಟಿಯಾಯಿತು. ಒಂದೊಂದು ಶಬ್ದ ಕೆರೆದು ತೆಗೆಯುವುದು ಆಗದ ಕೆಲಸ. ಸೈಟನ್ನೇ ಇಳಿಸಬೇಕು. ಅದಕ್ಕೆ ಮೊದಲು ಯಾಕೆಂದು ಮಾಲಕರಿಗೆ ಹೇಳಬೇಕು.

ಅವರನ್ನು ಅಂಗಡಿಗೆ ಕರೆಸಿದೆ. ನನ್ನ ಹತ್ತಿರ ಉಳಿದಿದ್ದ ಹಳೆಯ ಪುಟದ ಪ್ರತಿ ತೆರೆದು, ಕೊನೆಯ ಖಾಲಿ ಜಾಗದಲ್ಲಿ ಮೌಸ್ ಒತ್ತಿ ಹಿಡಿದು ಕೆಳಗೆಳೆದೆ. ಹಾಗೆ ಮಾಡಿದರೆ ಹಿನ್ನೆಲೆ ನೀಲಿಯಾಗುತ್ತದೆ, ಬಿಳಿ ಅಕ್ಷರ ಎದ್ದು ಬರುತ್ತವೆ. ಸಾಲು ಸಾಲಾಗಿ ಬಂದವು. ಮಾಲಕರು ಕನ್ನಡಕ ಏರಿಸಿ ಬಹಳ ಹೊತ್ತು ಓದಿದರು.

“ಅವತ್ತ ಅವರ ಮುಂದ ನಿನ್ನ ಸಲುವಾಗಿ ಜಗಳಾಡಿದ್ನೆಲ್ಲೋ,” ಅಂದರು.

ಸೈಟನ್ನೇ ಇಳಿಸಬೇಕು ಎಂದೆ.

“ಇದನ್ನ ತಗದ್ರ ಫೋನ್ ನಿಲ್ತಾವೇನು?”

“ನಿಲ್ತಾವ್ರಿ. ಮೊದಲಿನಂಗ ಅಡವ್ಯಾಗ ಹುಗದಂಗ ಆಗತೈತಿ.”

“ಉಣ್ಣಾಕ ಹಾಕವ್ರು ಇಲ್ದ ಫೋನ್ ಇಟ್ಕೊಂಡು ಏನ್ ಮಾಡ್ಲಿ? ತಗಿ.” ಎದ್ದು ನಿಂತು ಮತ್ತೆ ಹೇಳಿದರು, “ಬಾಯಿಗೆ ಮಾತ್ರ ನಾ ಹೇಳಾವಲ್ಲ. ನೀನ ಹೋಗು.”

ಅವರ ಎದುರಿಗೇ ನಲವತ್ತೂ ಪುಟ ಇಳಿಸಿದೆ. ಸೈಟಿನ ಆ ವಿಳಾಸವನ್ನೇ ಬಿಟ್ಟುಬಿಟ್ಟೆವು.

ಮರುದಿನ ಹಳಿಯಾಳಕ್ಕೆ ಹೋಗಿ, ಅಲ್ಲಿಂದ ಟೆಂಪೋ ಹಿಡಿದು ತೇರಗಾಂವದ ಆಚೆ ಇಳಿದೆ. ಬಾಯಿಯವರು ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದರು. ಕುಳಿತುಕೊಳ್ಳಿ ಎಂದರು, ಕೈ ನಿಲ್ಲಿಸಲಿಲ್ಲ. ಬಿಳಿ ಅಕ್ಷರದ್ದು, ಯಂತ್ರದ್ದು ಎಲ್ಲ ಹೇಳಿದೆ. ಅವರು ಏಳನೆಯವರೆಗೆ ಓದಿದವರು, ನನಗಿಂತ ಒಂದೇ ವರ್ಷ ಕಡಿಮೆ. ಒಂದು ಸಲವೂ ಅರ್ಥವಾಗಲಿಲ್ಲ ಎನ್ನಲಿಲ್ಲ.

“ನಮ್ಮ ಹೆಸ್ರು ಮೂರ್ ನಮೂನಿ ಬರದ್ರಿ?” ಎಂದು ಕೇಳಿದರು. “ಮೂರ್ ಯಾಕ?”

“ಮಂದಿ ತಪ್ಪ ಬರೀತಾರಂತ, ಅಕ್ಕಾರ.”

“ಹಂಗಾರ, ನಮ್ಮ ಹೆಸ್ರ ಬರ್ಯಾಕ ಬರದವ್ರಿಗೂ ನಾವು ಸಿಗಬೇಕು.”

ನಕ್ಕರು. ಆ ನಗೆಗೆ ಕೂತಲ್ಲಿ ಕೂರಲಾಗಲಿಲ್ಲ. ಈಗ ಎಲ್ಲ ಅಳಿಸಿದ್ದೇನೆ, ನಮ್ಮ ಸೈಟಿನಲ್ಲಿ ಒಂದು ಅಕ್ಷರವೂ ಉಳಿದಿಲ್ಲ ಎಂದೆ. ಅವರು ಮೊರ ಕೆಳಗಿಟ್ಟರು.

“ಪೇಂಟರಣ್ಣಾ, ಯಾರಿಗೂ ಕಾಣದಂಗ ಬರದ್ರಿ, ಯಾರಿಗೂ ಕಾಣದಂಗ ಅಳಿಸಿ ಬಂದ್ರಿ. ಅವತ್ತ ಅಷ್ಟ ಮಂದಿ ಮುಂದ ‘ನಾ ಬರದಿಲ್ಲ’ ಅಂದ್ರೆಲ್ಲ, ಅದನ್ನ ನಾ ಬಾಗಲದಾಗ ನಿಂತ ಕೇಳೀನಿ. ಅದು ಅಳಿಸೇತೇನು?”

ಚಹಾ ಕೊಟ್ಟರು, ಕುಡಿದು ಬಂದೆ. ಮತ್ತೆ ಕೆಲಸಕ್ಕೆ ಬರುತ್ತೇನೆ ಎಂದೂ ಅವರು ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಆಮೇಲೆ ಮಾಲಕರು ಎರಡು ಸಲ ಜೀಪು ತೆಗೆದುಕೊಂಡು ಹೋಗಿ ಕೇಳಿದರಂತೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಬಾಯಿಯವರು ಬಂದರು. ಇನ್ನೊಮ್ಮೆ ಯಾರಾದರೂ ಡ್ಯಾನ್ಸ್ ಎಂದು ಕೇಳಿ, ಮಾಲಕರು ಅಡುಗೆಮನೆಯ ಕಡೆ ನೋಡಿದರೆ, ಅದೇ ದಿನ ಹೊರಡುತ್ತೇನೆ, ಮತ್ತೆ ಕರೆಯಲು ಬರಬಾರದು ಎಂದು ಕರಾರು ಹಾಕಿ ಬಂದಿದ್ದರು.

ನಾನು ಹೊಸ ಹೆಸರಿನಲ್ಲಿ ಐದು ಪುಟದ ಸೈಟು ಮಾಡಿದೆ. ಎಲ್ಲ ಕರಿ ಅಕ್ಷರ. ಊರು ಗಣೇಶಗುಡಿ, ಕೋಣೆ ನಾಲ್ಕು, ಊಟ ಮನೆಯದು. ಅದು ಎಲ್ಲೋ ಕೆಳಗೆ ಬಿದ್ದಿರುತ್ತಿತ್ತು. ಫೋನು ದಿನಕ್ಕೊಮ್ಮೆ ಬಂದರೆ ಹೆಚ್ಚು. ಮಾಲಕರು ಏನೂ ಅನ್ನುತ್ತಿರಲಿಲ್ಲ. ಆದರೆ ಹುಬ್ಬಳ್ಳಿಯವರ ಕೈಯಲ್ಲಿದ್ದ ಪ್ರತಿಗಳು ಇನ್ನೂ ಜೀವಂತ ಇದ್ದವು, ಅವುಗಳಲ್ಲಿ ನಮ್ಮ ನಂಬರೂ ಇತ್ತು. ಇವತ್ತು ಯಾರು ಏನು ಓದಿಕೊಂಡು ಬರುತ್ತಾರೋ ಎಂದು ಭಾನುವಾರ ಬಂತೆಂದರೆ ನಾನು ಗಣೇಶಗುಡಿಯ ಬಸ್ಸು ಹತ್ತುತ್ತಿದ್ದೆ. ಬಂದವರನ್ನೆಲ್ಲ, ನಿಮಗೆ ಈ ಜಾಗ ಹೇಗೆ ಗೊತ್ತಾಯಿತು ಎಂದು ಕೇಳುವುದೇ ನನ್ನ ಕೆಲಸವಾಗಿತ್ತು.

ಮೇ ತಿಂಗಳ ಒಂದು ಭಾನುವಾರ ಬೆಳಗಾವಿಯಿಂದ ನಾಲ್ಕು ಜನ ಬಂದರು, ಇಬ್ಬರು ಅಣ್ಣತಮ್ಮಂದಿರು, ಅವರ ಹೆಂಡಂದಿರು. ನಾನು ತಲುಪುವಾಗ ಊಟಕ್ಕೆ ಕೂತಾಗಿತ್ತು. ಅನ್ನ ಬಡಿಸಿಯಾಗಿತ್ತು, ಬಾಯಿಯವರು ಸಾರಿನ ಪಾತ್ರೆ ಹಿಡಿದು ಬಾಗಿಲು ದಾಟುತ್ತಿದ್ದರು. ಅಣ್ಣನಾದವರು ಮಾಲಕರನ್ನು ಸಹಜವಾಗಿಯೇ ಕೇಳಿದರು:

“ಏನ್ರಿ, ಸಂಜಿಮುಂದ ಇಲ್ಲೆ ಸಿದ್ದಿ ಡ್ಯಾನ್ಸ್ ಇರತೈತೆಂತಲ್ಲ? ಇಂಟರ್ನೆಟ್ಟಿನ್ಯಾಗ ಓದಿದ್ವಿ.”

ಬಾಯಿಯವರು ಬಾಗಿಲಲ್ಲೇ ನಿಂತರು. ಮಾಲಕರು ಅಡುಗೆಮನೆಯ ಕಡೆ ನೋಡಬಾರದೆಂದು ಕುತ್ತಿಗೆ ಬಿಗಿಹಿಡಿದು ಕಿಟಕಿ ನೋಡುತ್ತಿದ್ದರು. ಬಾಯಿಯವರು ಕೇಳಿದವರನ್ನೂ ನೋಡಲಿಲ್ಲ, ಮಾಲಕರನ್ನೂ ನೋಡಲಿಲ್ಲ. ನನ್ನನ್ನು ನೋಡಿದರು.

ಎದ್ದು ನಿಂತೆ.

“ಅದು ನಾ ಬರದದ್ದ್ರಿ,” ಅಂದೆ. “ಸುಳ್ಳು ಬರದೀನಿ. ಇಲ್ಲೆ ಹಂಗೇನೂ ಇಲ್ಲ, ಎಂದೂ ಇದ್ದಿದ್ದಿಲ್ಲ. ಮೊದಲೊಮ್ಮೆ ಇಲ್ಲೇ ಕೇಳಿದ್ರು, ನಾ ಬರದಿಲ್ಲ ಅಂದಿದ್ದೆ. ಅದೂ ಸುಳ್ಳು.”

ನಾಲ್ವರೂ ನನ್ನ ಮುಖ ನೋಡಿದರು. ಕೇಳಿದ್ದು ಇಷ್ಟು, ಈ ಮನುಷ್ಯ ಹೇಳುತ್ತಿರುವುದು ಯಾವುದು ಎಂದು ಅವರಿಗೆ ಅನಿಸಿರಬೇಕು. ತಮ್ಮನಾದವರು ಅನ್ನ ಕಲಸುತ್ತ ಕೇಳಿದರು:

“ಮೀನಿನ ಸಾರು ಅಂತ ಬರದೀರೆಲ್ಲ, ಅದಾದ್ರೂ ಖರೇ ಐತೋ?”

ಹೆಂಗಸರು ನಕ್ಕರು. ಮಾಲಕರೂ ಕಿಟಕಿ ಬಿಟ್ಟು ಈಚೆ ತಿರುಗಿದರು. ಬಾಯಿಯವರು ನಗಲಿಲ್ಲ. ನಾನು ನಿಂತಲ್ಲಿಗೆ ಬಂದು ಸಾರಿನ ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು.

“ಹಿಡೀರಿ. ಮೀನ ಮುರೀದಂಗ ಬಡಸ್ರಿ. ನಾ ಇನ್ನೊಂದಿಷ್ಟು ಅನ್ನಾ ತರ್ತೇನಿ.”

ಪಾತ್ರೆ ಬಿಸಿ ಇತ್ತು. ಅಂಗಿಯ ಚುಂಗಿನಿಂದ ಹಿಡಿದುಕೊಂಡು, ಮೊದಲನೆಯ ತಾಟಿನ ಮುಂದೆ ಬಗ್ಗಿ, ಸಾರು ಹಾಕಲೇನ್ರಿ ಎಂದು ಕೇಳಿದೆ.